ತಾಲ್ಲೂಕು ಕೋರ್ಟಿನಿಂದ ವಿಧಾನಸಭೆಗೆ: ವಕೀಲ ಶಾಸಕನಾದಾಗ

(ಯುವ ವಕೀಲರಿಗಾಗಿ ನೀಡಿದ ಉಪನ್ಯಾಸದ ಬರಹ ರೂಪ)

ಚಿತ್ರದುರ್ಗದಲ್ಲಿ ವಕೀಲಿ ಮಾಡುತ್ತಿದ್ದ ಎಸ್. ನಿಜಲಿಂಗಪ್ಪ, ಜಮಖಂಡಿಯ ಬಿ.ಡಿ. ಜತ್ತಿ, ತೀರ್ಥಹಳ್ಳಿ ಸೀಮೆಯ ಕಡಿದಾಳು ಮಂಜಪ್ಪ, ಹುನಗುಂದದಿಂದ ಗೆದ್ದು ಬಂದ ಎಸ್.ಆರ್. ಕಂಠಿ. ನಾಲ್ವರೂ ವಕೀಲರು, ನಾಲ್ವರೂ ಮುಖ್ಯಮಂತ್ರಿಯಾದವರು. ಉಡುಪಿಯ ವಕೀಲ ಬಿ. ವೈಕುಂಠ ಬಾಳಿಗ 1962ರಿಂದ ವಿಧಾನಸಭೆಯ ಅಧ್ಯಕ್ಷ ಪೀಠದಲ್ಲಿದ್ದರು. ವಕೀಲರ ಸಂಘದ ಸಮಾರಂಭಗಳಲ್ಲಿ ಈ ಹೆಸರುಗಳನ್ನು ಸಾಲಾಗಿ ಹೇಳಿ ಚಪ್ಪಾಳೆ ತೆಗೆದುಕೊಳ್ಳುವುದು ರೂಢಿ. ಇವತ್ತು ಚಪ್ಪಾಳೆ ಬೇಡ, ಲೆಕ್ಕ ನೋಡೋಣ. ಆ ಕಾಲದಲ್ಲಿ ಅಷ್ಟೊಂದು ವಕೀಲರು ರಾಜಕೀಯಕ್ಕೆ ಬಂದದ್ದಕ್ಕೆ ತೀರಾ ವ್ಯಾವಹಾರಿಕ ಕಾರಣಗಳಿದ್ದವು. ಸರ್ಕಾರಿ ನೌಕರ ಚಳವಳಿಗೆ ಇಳಿದರೆ ಕೆಲಸ ಹೋಗುತ್ತಿತ್ತು. ವಕೀಲನಿಗೆ ಮೇಲಧಿಕಾರಿ ಇಲ್ಲ, ಎಂಟು ದಿನ ಕಚೇರಿ ಮುಚ್ಚಿದರೂ ಒಂಬತ್ತನೇ ದಿನ ಬಾಗಿಲು ತೆಗೆಯಬಹುದು. ಜೊತೆಗೆ ಸುತ್ತಲಿನ ಹಳ್ಳಿಗಳ ಜಗಳಗಳೆಲ್ಲ ಅವನ ಮೇಜಿಗೇ ಬಂದು ಬೀಳುತ್ತಿದ್ದವು. ಯಾವ ಊರಿನಲ್ಲಿ ಯಾರ ಮಾತು ನಡೆಯುತ್ತದೆ, ಯಾರ ಜಮೀನು ಯಾರ ಹೆಸರಿನಲ್ಲಿದೆ ಎಂಬುದು ಅವನಿಗೆ ಬಾಯಿಪಾಠ.

ತಾಲ್ಲೂಕು ಕೋರ್ಟಿನ ವಕೀಲನ ಬಂಡವಾಳ ಮಾತುಗಾರಿಕೆ ಎಂದು ಜನ ತಿಳಿದಿದ್ದಾರೆ. ಹಾಗೇನಿಲ್ಲ. ಚೆನ್ನಾಗಿ ಮಾತಾಡುವವರು ಪ್ರತಿ ಊರಿನ ಬಸ್ ಸ್ಟ್ಯಾಂಡಿನಲ್ಲೂ ಸಿಗುತ್ತಾರೆ. ವಕೀಲನಿಗೆ ಗೊತ್ತಿರುವುದು, ಬೇರೆಯವರಿಗೆ ಗೊತ್ತಿಲ್ಲದ್ದು, ಕಾನೂನು ಯಾವ ಮೇಜಿನ ಮೇಲೆ ಕೆಡುತ್ತದೆ ಎಂಬುದು. ಪಹಣಿಯ 9ನೇ ಕಾಲಂನಲ್ಲಿ, ಅಂದರೆ ಹಕ್ಕುದಾರರ ಹೆಸರು ಬರೆಯುವ ಜಾಗದಲ್ಲಿ, ತಾತನ ಹೆಸರೇ ಉಳಿದು, ಮೊಮ್ಮಕ್ಕಳು ವಿಭಾಗದ ದಾವೆ ಹಾಕಿದಾಗ ಏನಾಗುತ್ತದೆ, ನೋಟಿಸು ಬಾಗಿಲಿಗೆ ಅಂಟಿಸಿದ್ದೇವೆ ಎಂದು ಕೋರ್ಟಿನ ನೋಟಿಸು ಮುಟ್ಟಿಸುವ ಅಮೀನ ಬರೆದ ವರದಿಯಲ್ಲಿ ಸಾಕ್ಷಿಗಳ ಸಹಿ ಯಾಕೆ ಇರುವುದಿಲ್ಲ, ಮಂಜೂರಾದ ಜಮೀನಿಗೆ ಪೋಡಿ, ಅಂದರೆ ಅಳತೆ ಮಾಡಿ ಬೇರೆ ನಂಬರು ಕೊಡುವ ಕೆಲಸ, ಆಗದೆ ಸರ್ವೆ ನಂಬರಿನಲ್ಲಿ ಹತ್ತಾರು ಜನ ಒಬ್ಬರ ಮೇಲೊಬ್ಬರು ಬಿದ್ದಿರುವುದು ಹೇಗೆ. ಈ ತಿಳಿವಳಿಕೆ ವಿಧಾನಸೌಧದ ಕಾನೂನು ಇಲಾಖೆಯಲ್ಲಿ ಕುಳಿತು ಕರಡು ಬರೆಯುವವರಿಗೆ ಸುಲಭಕ್ಕೆ ಸಿಗುವುದಿಲ್ಲ. ವಕೀಲ ಶಾಸಕನಾದರೆ ರಾಜ್ಯಕ್ಕೆ ಆಗಬೇಕಾದ ಲಾಭ ಇದೇ. ಶಾಸಕನಾದ ಮೇಲೆ ಮೊದಲು ಕರಗುವುದೂ ಇದೇ. ಹೇಗೆ ಕರಗುತ್ತದೆ, ಎಲ್ಲಿ ಉಳಿಸಿಕೊಳ್ಳಬಹುದು ಎಂಬುದನ್ನು ನಾಮಪತ್ರದ ದಿನದಿಂದ ನೋಡುತ್ತಾ ಬರೋಣ.

ನಾಮಪತ್ರದಲ್ಲಿ ವಕೀಲರು ತಪ್ಪು ಮಾಡುವುದಿಲ್ಲ ಎಂಬುದು ಒಂದು ನಂಬಿಕೆ. ಅವರಿಗೆಂದೇ ಒಂದು ವಿಶೇಷ ಗಂಡಾಂತರ ಇದೆ. ತಾಲ್ಲೂಕು, ಜಿಲ್ಲಾ ಮಟ್ಟದಲ್ಲಿ ಸ್ವಲ್ಪ ಹೆಸರು ಮಾಡಿದ ವಕೀಲ ಒಂದಲ್ಲ ಒಂದು ಹೊತ್ತಿನಲ್ಲಿ ಸರ್ಕಾರಿ ವಕೀಲನಾಗಿಯೋ, ಯಾವುದಾದರೂ ಸರ್ಕಾರಿ ಸಂಸ್ಥೆಯ ಪ್ಯಾನೆಲ್‌ನಲ್ಲೋ ಇರುತ್ತಾನೆ. ಸಂವಿಧಾನದ 191ನೇ ಅನುಚ್ಛೇದದ ಪ್ರಕಾರ ಸರ್ಕಾರದ ಅಧೀನದಲ್ಲಿ ಲಾಭದಾಯಕ ಹುದ್ದೆ ಹೊಂದಿದವರು ಅನರ್ಹರು. 1960ರ ದಶಕದ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಇಂಥ ಎರಡು ಪ್ರಕರಣಗಳು ಬಂದವು. ಒಂದರಲ್ಲಿ ರೈಲ್ವೆಯ ವಕೀಲರ ಪ್ಯಾನೆಲ್‌ನಲ್ಲಿ ಇದ್ದುದೇ ಲಾಭದಾಯಕ ಹುದ್ದೆ ಎಂದು ತೀರ್ಮಾನವಾಯಿತು. ಇನ್ನೊಂದು ರಾಜಸ್ಥಾನದ ಕೋಲಾಯತ್ ಕ್ಷೇತ್ರದಿಂದ 1967ರಲ್ಲಿ ಗೆದ್ದ ವಕೀಲೆ ಕಾಂತಾ ಕಥೂರಿಯಾ ಅವರದು. ಒಂದೇ ಒಂದು ಪ್ರಕರಣಕ್ಕಾಗಿ ವಿಶೇಷ ಸರ್ಕಾರಿ ವಕೀಲೆಯಾಗಿ ನೇಮಕವಾಗಿದ್ದರು. ಹೈಕೋರ್ಟ್ ಆಯ್ಕೆ ರದ್ದು ಮಾಡಿತು. ಮೇಲ್ಮನವಿ ನಡೆಯುತ್ತಿರುವಾಗಲೇ ರಾಜಸ್ಥಾನದ ಶಾಸಕಾಂಗ ಪೂರ್ವಾನ್ವಯವಾಗುವ ಕಾಯ್ದೆ ತಂದು ಆ ಹುದ್ದೆಯನ್ನು ಅನರ್ಹತೆಯಿಂದ ಹೊರಗಿಟ್ಟಿತು, ಸುಪ್ರೀಂ ಕೋರ್ಟ್ ಅದನ್ನು ಒಪ್ಪಿತು. ಪ್ರತಿಯೊಬ್ಬರಿಗೂ ಅಂಥ ಕಾಯ್ದೆ ಬಂದು ಕೈಹಿಡಿಯುವುದಿಲ್ಲ. ಆದ್ದರಿಂದ ಟಿಕೆಟ್ ಸಿಗುವುದು ಖಾತ್ರಿಯಾಗುವ ಮೊದಲೇ ಪ್ಯಾನೆಲ್‌ಗಳಿಂದ ಹೊರಬರಬೇಕು. ರಾಜೀನಾಮೆ ಪತ್ರ ಕೊಟ್ಟರಷ್ಟೇ ಸಾಲದು. ಅದನ್ನು ಅಂಗೀಕರಿಸಿದ ಆದೇಶದ ಪ್ರತಿ ನಾಮಪತ್ರ ಪರಿಶೀಲನೆಯ ದಿನಕ್ಕೆ ಮೊದಲೇ ಕೈಯಲ್ಲಿರಬೇಕು. ಇಲಾಖೆಯಲ್ಲಿ ಕಡತ ಮೇಜಿನಿಂದ ಮೇಜಿಗೆ ಹೋಗುವುದಕ್ಕೆ ಎಷ್ಟು ದಿನ ಬೇಕೆಂದು ಗೊತ್ತಿದ್ದ ವಕೀಲರೇ ಈ ವಿಷಯದಲ್ಲಿ ಎಡವುತ್ತಾರೆ.

ಉಳಿದದ್ದು ಎಲ್ಲ ಅಭ್ಯರ್ಥಿಗಳಿಗೂ ಒಂದೇ. ನಮೂನೆ 2ಬಿಯಲ್ಲಿ ನಾಮಪತ್ರ, ನಮೂನೆ 26ರಲ್ಲಿ ಪ್ರಮಾಣಪತ್ರ, 10 ಸಾವಿರ ರೂಪಾಯಿ ಠೇವಣಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 5 ಸಾವಿರ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ, ಪಕ್ಷೇತರರಿಗೆ ಹತ್ತು. ಬಿ ಫಾರಂ ಕೊನೆಯ ದಿನ ಮಧ್ಯಾಹ್ನ 3 ಗಂಟೆಯೊಳಗೆ ಚುನಾವಣಾಧಿಕಾರಿಯ ಕೈಸೇರಬೇಕು, ಅದರ ಮೇಲೆ ಮಸಿಯ ಸಹಿ ಇರಬೇಕು, ಮುದ್ರಿಸಿದ ಸಹಿ ನಡೆಯದು. ಪ್ರಮಾಣಪತ್ರದಲ್ಲಿ ಒಂದು ಅಂಕಣವೂ ಖಾಲಿ ಇರಕೂಡದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇಲ್ಲ ಎಂದಾದರೆ ಇಲ್ಲ ಎಂದೇ ಬರೆಯಬೇಕು. ವಾದಪತ್ರದಲ್ಲಿ ಅನುಕೂಲವಿಲ್ಲದ ಸಂಗತಿಯ ಬಗ್ಗೆ ಸುಮ್ಮನಿದ್ದು ಅಭ್ಯಾಸವಾದ ಕೈ ಇಲ್ಲೂ ಸುಮ್ಮನಿರಲು ನೋಡುತ್ತದೆ. ಅದಕ್ಕೇ ಪ್ರಮಾಣಪತ್ರವನ್ನು ತಾವೇ ಬರೆಯದೆ, ಆದಾಯ ತೆರಿಗೆ ನೋಡುವ ಲೆಕ್ಕಪರಿಶೋಧಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೊಬ್ಬ ವಕೀಲರಿಂದ ಬರೆಸುವುದು ಜಾಣತನ. ಹೋರಾಟಗಳಲ್ಲಿ ಬಿದ್ದ ಹಳೆಯ ಕೇಸುಗಳಿದ್ದರೆ ಅವನ್ನೂ ಬರೆಯಬೇಕು, ಪತ್ರಿಕೆಯಲ್ಲೂ ಟಿ.ವಿ.ಯಲ್ಲೂ ಮೂರು ಸಲ ಪ್ರಕಟಿಸಬೇಕು.

ಖರ್ಚಿನ ಮಿತಿ ಕರ್ನಾಟಕದಲ್ಲಿ ವಿಧಾನಸಭೆಗೆ 40 ಲಕ್ಷ ರೂಪಾಯಿ. ನಾಮಪತ್ರಕ್ಕೆ ಮುಂಚೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಲೆಕ್ಕದ ಪುಸ್ತಕದಲ್ಲಿ ಮೂರು ಭಾಗ: ದಿನದ ಖರ್ಚಿಗೆ ಬಿಳಿ ಹಾಳೆ, ನಗದಿಗೆ ಗುಲಾಬಿ, ಬ್ಯಾಂಕಿಗೆ ಹಳದಿ. ಪ್ರಚಾರದ ನಡುವೆ ವೀಕ್ಷಕರು ಕನಿಷ್ಠ ಮೂರು ಸಲ ನೋಡುತ್ತಾರೆ. ಫಲಿತಾಂಶ ಬಂದ 30 ದಿನದೊಳಗೆ ಪೂರ್ತಿ ಲೆಕ್ಕ ಕೊಡದಿದ್ದರೆ ಮೂರು ವರ್ಷ ಅನರ್ಹತೆಯ ಅಪಾಯ. ಗೆದ್ದ ಸಂಭ್ರಮದಲ್ಲಿ ಮರೆಯುವವರಿಗಿಂತ ಸೋತ ಬೇಸರದಲ್ಲಿ ಮರೆಯುವವರೇ ಹೆಚ್ಚು. ಗೆದ್ದವರು 45 ದಿನ ಕಾಯಬೇಕು, ಚುನಾವಣಾ ತಕರಾರು ಅರ್ಜಿ ಹಾಕಲು ಎದುರಾಳಿಗೆ ಇರುವ ಅವಧಿ ಅದು.

ಇನ್ನು ಗೆದ್ದ ಮೇಲೆ. ಮೊದಲ ಪ್ರಶ್ನೆ: ಕರಿ ಕೋಟು ಬಿಚ್ಚಿಡಬೇಕೇ? ಕಾನೂನಿನ ಉತ್ತರ ಸ್ಪಷ್ಟ. ಪೂರ್ಣಾವಧಿ ಸಂಬಳದ ನೌಕರ ವಕೀಲಿ ಮಾಡುವಂತಿಲ್ಲ ಎಂದು ಭಾರತೀಯ ವಕೀಲರ ಪರಿಷತ್ತಿನ 49ನೇ ನಿಯಮ ಹೇಳುತ್ತದೆ. ಶಾಸಕರೂ ಸಂಬಳ ಪಡೆಯುತ್ತಾರಲ್ಲ, ಅವರನ್ನೂ ತಡೆಯಿರಿ ಎಂಬ ಅರ್ಜಿಯನ್ನು 2018ರ ಸೆಪ್ಟೆಂಬರ್ 25ರಂದು ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಶಾಸಕನಿಗೂ ಸರ್ಕಾರಕ್ಕೂ ಯಜಮಾನ-ನೌಕರ ಸಂಬಂಧ ಇಲ್ಲ, ಆದ್ದರಿಂದ ಆ ನಿಯಮ ತಗಲುವುದಿಲ್ಲ ಎಂಬುದು ತೀರ್ಪಿನ ತಿರುಳು. ಅಂದರೆ ಶಾಸಕ ವಾದ ಮಾಡಬಹುದು. ಮಾಡಲು ಆಗುತ್ತದೆಯೇ ಎಂಬುದು ಬೇರೆ ಮಾತು.

ಆಗುವುದಿಲ್ಲ. ಕಾರಣಗಳು ದೊಡ್ಡ ತತ್ವದ್ದಲ್ಲ, ದಿನಚರಿಯದು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 17 ಒಂದು ಕಡೆಗೆ ಮೂರು ವಾಯಿದೆಗಿಂತ ಹೆಚ್ಚು ಕೊಡಬಾರದೆನ್ನುತ್ತದೆ. ತಾಲ್ಲೂಕು ಕೋರ್ಟಿನಲ್ಲಿ ಅದು ಎಷ್ಟು ಪಾಲನೆಯಾಗುತ್ತದೆ ಎಂಬುದು ನಿಮಗೇ ಗೊತ್ತು. ಆದರೂ ಅಧಿವೇಶನ ನಡೆಯುವಾಗ ಸಾಕ್ಷಿಯ ಪಾಟಿ ಸವಾಲಿಗೆ ದಿನ ಬಿದ್ದರೆ, ಎದುರು ವಕೀಲರು ಮೊದಲ ಸಲ ನಗುತ್ತಾರೆ, ಎರಡನೇ ಸಲ ತಕರಾರು ಹಾಕುತ್ತಾರೆ. ಡಿಸೆಂಬರಿನ ಬೆಳಗಾವಿ ಅಧಿವೇಶನದ ಹೊತ್ತಿಗೆ ಮುಳಬಾಗಿಲಿನ ವಕೀಲ-ಶಾಸಕ ರಾಜ್ಯದ ಇನ್ನೊಂದು ತುದಿಯಲ್ಲಿರುತ್ತಾನೆ. ಕಕ್ಷಿದಾರ ಪಾಪ, ಶಾಸಕರೇ ನಮ್ಮ ವಕೀಲರು ಎಂಬ ಹೆಮ್ಮೆಯಲ್ಲಿ ಒಂದು ವರ್ಷ ಕಾಯುತ್ತಾನೆ. ಆಮೇಲೆ ಕಡತ ವಾಪಸು ಕೇಳಲೂ ಹೆದರುತ್ತಾನೆ.

ಆದ್ದರಿಂದ ಪ್ರಮಾಣವಚನಕ್ಕೆ ಹೋಗುವ ಮುನ್ನ ಕಚೇರಿಯಲ್ಲಿ ಮಾಡಬೇಕಾದ ಕೆಲಸ ಇದೆ. ಕಡತಗಳನ್ನು ಮೂರು ಗುಡ್ಡೆ ಮಾಡಬೇಕು. ವಾದದ ಹಂತಕ್ಕೆ ಬಂದಿರುವವು ಒಂದು ಗುಡ್ಡೆ, ಅವನ್ನು ಆದಷ್ಟು ಬೇಗ ಮುಗಿಸಿಕೊಡುವುದು. ಸಾಕ್ಷ್ಯದ ಹಂತದಲ್ಲಿರುವವು ಇನ್ನೊಂದು, ಕಕ್ಷಿದಾರರನ್ನು ಕರೆಸಿ, ಜೂನಿಯರ್ ಮುಂದುವರಿಸಲಿ ಎಂದರೆ ಜೂನಿಯರ್ ಹೆಸರಿಗೆ ಹೊಸ ವಕಾಲತ್ತು, ಬೇರೆ ವಕೀಲರು ಬೇಕೆಂದರೆ ನಿರಾಕ್ಷೇಪಣೆಯ ಸಹಿಯೊಡನೆ ಕಡತ. ಬಾಕಿ ಫೀಸು ಕೊಡುವವರೆಗೂ ಕಡತ ಬಿಡುವುದಿಲ್ಲ ಎಂದು ಹಿಡಿದುಕೊಳ್ಳುವ ಹಕ್ಕು ವಕೀಲರಿಗೆ ಇಲ್ಲವೆಂದು ಸುಪ್ರೀಂ ಕೋರ್ಟ್ ಹಿಂದೆಯೇ ಹೇಳಿದೆ, ಶಾಸಕನಾದ ಮೇಲಂತೂ ಆ ಯೋಚನೆಯೇ ಬೇಡ. ಮೂರನೆಯದು ಸರ್ಕಾರ, ತಹಶೀಲ್ದಾರರು, ಪುರಸಭೆ ಎದುರು ಕಕ್ಷಿಯಾಗಿರುವ ಕಡತಗಳು. ಇವನ್ನು ಪೂರ್ತಿ ಬಿಟ್ಟುಕೊಡುವುದು ಒಳ್ಳೆಯದು. ಬೆಳಿಗ್ಗೆ ಪ್ರಗತಿ ಪರಿಶೀಲನಾ ಸಭೆಯಲ್ಲಿ ತಹಶೀಲ್ದಾರರನ್ನು ತರಾಟೆಗೆ ತೆಗೆದುಕೊಂಡು ಮಧ್ಯಾಹ್ನ ಅವರ ಆದೇಶದ ವಿರುದ್ಧ ವಾದಿಸಿದರೆ, ಗೆದ್ದರೂ ಆ ಗೆಲುವನ್ನು ಯಾರೂ ಕಾನೂನಿನ ಗೆಲುವೆಂದು ನಂಬುವುದಿಲ್ಲ. ಇನ್ನೊಂದು ಅಪಾಯ ಹೊಸ ಕಕ್ಷಿದಾರರದು. ವರ್ಗಾವಣೆಗೋ ಗುತ್ತಿಗೆಗೋ ಬಂದವನು ಒಂದು ಸಣ್ಣ ದಾವೆ ಹಿಡಿದುಕೊಂಡು ಬರುತ್ತಾನೆ, ಫೀಸು ಮಾತ್ರ ದೊಡ್ಡದಾಗಿ ಕೊಡುತ್ತಾನೆ. ರಸೀದಿ ಇರುತ್ತದೆ, ತೆರಿಗೆಯೂ ಕಟ್ಟಿರುತ್ತದೆ. ಅದು ಫೀಸಲ್ಲ ಎಂದು ಊರಿಗೆಲ್ಲ ಗೊತ್ತಿರುತ್ತದೆ. 2025ರ ಮಾರ್ಚಿನಲ್ಲಿ ಶಾಸಕರ ಮೂಲ ಸಂಬಳ ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ ಏರಿತು. ಆ ಮಸೂದೆ ಗದ್ದಲದ ನಡುವೆ ಚರ್ಚೆಯೇ ಇಲ್ಲದೆ ಪಾಸಾಯಿತು ಎಂಬುದು ಬೇಸರದ ಸಂಗತಿಯಾದರೂ, ಭತ್ಯೆಗಳೂ ಸೇರಿದರೆ ಫೀಸಿನ ಆಸೆಗೆ ಬೀಳಬೇಕಾದ ಬಡತನ ಶಾಸಕನಿಗೆ ಇಲ್ಲ.

ಕಚೇರಿಯ ಜಾಗಕ್ಕೆ ಈಗ ಮನೆಯ ಮುಂದಿನ ಜನ ಬರುತ್ತಾರೆ. ಬೆಳಿಗ್ಗೆ ಏಳಕ್ಕೆ ಶುರು. ಪಿಂಚಣಿ ನಿಂತಿದೆ, ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಮಗನಿಗೆ ಹಾಸ್ಟೆಲ್ ಸೀಟು, ಸ್ಟೇಷನ್ನಿಗೆ ಒಂದು ಫೋನು. ವಕೀಲ-ಶಾಸಕನ ಬಲವೂ ದೌರ್ಬಲ್ಯವೂ ಇಲ್ಲಿ ಒಟ್ಟಿಗೇ ಕಾಣುತ್ತವೆ. ಅರ್ಜಿ ಓದಿದ ಕೂಡಲೇ ಇದು ಯಾರ ವ್ಯಾಪ್ತಿ, ಯಾವ ಕಲಂ ಎಂದು ಅವನಿಗೆ ಹೊಳೆಯುತ್ತದೆ. ಬೇರೆ ಶಾಸಕರು ಶಿಫಾರಸು ಪತ್ರ ಬರೆದು ಕಳಿಸುವ ಕಡೆ ಅವನು ಎರಡು ಸಾಲಿನ ಮೇಲ್ಮನವಿಯನ್ನೇ ಬರೆಸಿ ಕೊಡಬಲ್ಲ. ಆದರೆ ಎರಡೂ ಕಡೆಯವರನ್ನು ಕೂರಿಸಿ ರಾಜಿ ಮಾಡಿಸುವ ಚಟವೂ ಜೊತೆಗೇ ಬಂದಿರುತ್ತದೆ. ಶಾಸಕನ ಮನೆಯ ಜಗುಲಿಯಲ್ಲಿ ಆದ ಗಡಿ ರಾಜಿಗೆ ಯಾವ ಬೆಲೆಯೂ ಇಲ್ಲ, ಸೋತೆ ಎಂದುಕೊಂಡವನು ಹೊರಗೆ ಬಂದು ಒತ್ತಡ ಹಾಕಿದರು ಎನ್ನುತ್ತಾನೆ. ಅಂಥದ್ದನ್ನು ತಾಲ್ಲೂಕು ಕಾನೂನು ಸೇವೆಗಳ ಸಮಿತಿಗೆ, ಲೋಕ ಅದಾಲತ್ತಿಗೆ ಕಳಿಸಬೇಕು. ಪ್ರದೇಶಾಭಿವೃದ್ಧಿ ನಿಧಿಯ ವಿಷಯ ಇದಕ್ಕಿಂತ ಸರಳ: ವರ್ಷಕ್ಕೆ 2 ಕೋಟಿ ರೂಪಾಯಿ, ಕಾಮಗಾರಿ ಸೂಚಿಸುವುದು ಶಾಸಕ, ಮಂಜೂರು ಮಾಡುವುದು ಜಿಲ್ಲಾಧಿಕಾರಿ.

ಈಗ ಬಗರ್ ಹುಕುಂ. ಸಣ್ಣ ಊರಿನ ವಕೀಲ ಶಾಸಕನಾದಾಗ ಅವನ ಹಳೆಯ ಬದುಕೂ ಹೊಸ ಬದುಕೂ ನೇರವಾಗಿ ಡಿಕ್ಕಿ ಹೊಡೆಯುವ ಜಾಗ ಇದು. ಸರ್ಕಾರಿ ಜಮೀನಿನಲ್ಲಿ ಅನಧಿಕೃತವಾಗಿ ಉಳುಮೆ ಮಾಡುತ್ತಿರುವವರಿಗೆ ಸಕ್ರಮ ಮಾಡಿಕೊಡಲು ಭೂ ಕಂದಾಯ ಕಾಯ್ದೆ 1964ರ 94ಎ ಕಲಮಿನಡಿ ತಾಲ್ಲೂಕು ಮಟ್ಟದ ಸಮಿತಿ ಇರುತ್ತದೆ. ಅಧ್ಯಕ್ಷರು ಕ್ಷೇತ್ರದ ಶಾಸಕರು, ಕಾರ್ಯದರ್ಶಿ ತಹಶೀಲ್ದಾರರು. ಅರ್ಜಿಗಳು ಮೂರು ಅಲೆಯಲ್ಲಿ ಬಂದಿವೆ: 1991ರ ನಮೂನೆ 50, 1998-99ರ ನಮೂನೆ 53, 2018ರ ನಮೂನೆ 57. ಹಳೆಯ ಅರ್ಜಿಗಳಿಗೆ 1990ರ ಏಪ್ರಿಲ್ 14ಕ್ಕೆ ಮೊದಲಿನ ಸಾಗುವಳಿ ಬೇಕು, ನಮೂನೆ 57ಕ್ಕೆ 2005ರ ಜನವರಿ 1ಕ್ಕೆ ಮೊದಲಿನದು. ಅರ್ಜಿದಾರನ ಸ್ವಂತ ಜಮೀನೂ ಸೇರಿ 4 ಎಕರೆ 38 ಗುಂಟೆ ಮೀರುವಂತಿಲ್ಲ.

ಒಂದು ಕಡತ ಬಿಚ್ಚಿ ನೋಡಿದರೆ ಎಲ್ಲಿ ಕೆಡುತ್ತದೆಂದು ತಿಳಿಯುತ್ತದೆ. ಮೇಲೆ ಅರ್ಜಿ, ಕೆಳಗೆ ಕಂದಾಯ ನಿರೀಕ್ಷಕರ ವರದಿ, ಮಹಜರು, ಸ್ಕೆಚ್, ಪಹಣಿ. ಮಹಜರಿನಲ್ಲಿ ಪಂಚರ ಸಹಿ ಒಂದೇ ಕೈಬರಹದಲ್ಲಿ ಇದ್ದರೆ ಅದು ಕಚೇರಿಯಲ್ಲೇ ಬರೆದದ್ದು. ಸ್ಕೆಚ್‌ನಲ್ಲಿ ನಾಲ್ಕು ದಿಕ್ಕಿನ ಚಕ್ಕುಬಂದಿ ಎಲ್ಲ ಕಡೆಯೂ ಸರ್ಕಾರಿ ಜಮೀನು ಎಂದಿದ್ದರೆ ಆ ತುಂಡು ಎಲ್ಲಿದೆಯೆಂದು ನೆಲದ ಮೇಲೆ ತೋರಿಸಲು ಯಾರಿಗೂ ಆಗದು. ಜಮೀನು ಗೋಮಾಳವಾಗಿದ್ದರೆ ಊರಿನ ಜಾನುವಾರುಗಳ ಲೆಕ್ಕ ಬೇಕು, ನೂರು ರಾಸಿಗೆ 30 ಎಕರೆ ಬಿಟ್ಟು ಉಳಿದದ್ದಷ್ಟೇ ಹಂಚಲು ಸಿಗುತ್ತದೆ. ಈ ಲೆಕ್ಕ ಹಾಕದೆ ಮಂಜೂರು ಮಾಡಿದ್ದು ಮುಂದೆ ಬೀಳುತ್ತದೆ. ಅರಣ್ಯ ಇಲಾಖೆಯ ದಾಖಲೆಯಲ್ಲಿ ಅದೇ ಸರ್ವೆ ನಂಬರ್ ಅರಣ್ಯವೆಂದಿದ್ದರೆ ಅದೂ ಬೀಳುತ್ತದೆ. ಇತ್ತೀಚೆಗೆ ಸಾಗುವಳಿ ಇದೆಯೋ ಇಲ್ಲವೋ ಎಂದು ಉಪಗ್ರಹ ಚಿತ್ರ ಮತ್ತು ಆ್ಯಪ್ ಮೂಲಕ ನೋಡುವ ವ್ಯವಸ್ಥೆ ಬಂದಿದೆ. ಒಳ್ಳೆಯದೇ, ಆದರೆ ಉಪಗ್ರಹಕ್ಕೆ ಹೊಲ ಕಾಣುತ್ತದೆ, ಉತ್ತವರು ಯಾರೆಂದು ಕಾಣುವುದಿಲ್ಲ. ಒಂದೇ ಮನೆಯ ಅಣ್ಣ, ತಮ್ಮ, ಅತ್ತಿಗೆ ಮೂರು ಅರ್ಜಿ ಹಾಕಿರುವುದನ್ನು ಹಿಡಿಯಲು ಪಡಿತರ ಚೀಟಿಯನ್ನೂ ವಂಶವೃಕ್ಷವನ್ನೂ ತರಿಸಿ ನೋಡುವ ವಕೀಲನ ಕಣ್ಣೇ ಬೇಕು.

ಆ ಕಡತದ ಅರ್ಜಿದಾರ ಹಿಂದೆ ತನ್ನದೇ ಕಕ್ಷಿದಾರನಾಗಿದ್ದರೆ? ತಾಲ್ಲೂಕಿನಲ್ಲಿ ಇಪ್ಪತ್ತು ವರ್ಷ ವಕೀಲಿ ಮಾಡಿದವನಿಗೆ ಇದು ತಪ್ಪಿದ್ದಲ್ಲ. ಅಂಥ ಹೆಸರು ಬಂದಾಗ ಅಧ್ಯಕ್ಷರು ಹೊರಗುಳಿದರು ಎಂದು ನಡಾವಳಿಯಲ್ಲಿ ಬರೆಸಿ ಆ ಕಡತದ ಮಟ್ಟಿಗೆ ಎದ್ದು ಹೋಗಬೇಕು. ಎದ್ದು ಹೋಗುವ ಅಧ್ಯಕ್ಷರನ್ನು ಕಾರ್ಯಕರ್ತರು ಇಷ್ಟಪಡುವುದಿಲ್ಲ. ನಮ್ಮವನು ಬಂದಾಗಲೇ ಎದ್ದರಲ್ಲ ಎನ್ನುತ್ತಾರೆ. ಎನ್ನಲಿ. ನಡಾವಳಿಗೆ ಒಂದೇ ಸಾಲಿನಲ್ಲಿ ನೂರು ಹೆಸರು ಬರೆದು ಸಹಿ ಹಾಕುವ ಪದ್ಧತಿಯನ್ನೂ ಒಪ್ಪಬಾರದು. ಪ್ರತಿ ಅರ್ಜಿಗೆ ಕಾರಣ ಬರೆಯದ ಆದೇಶ ಮೊದಲ ಮೇಲ್ಮನವಿಯಲ್ಲೇ ಹೋಗುತ್ತದೆ, ರೈತನ ಕೈಗೆ ಕೊಟ್ಟ ಸಾಗುವಳಿ ಚೀಟಿ ಬರಿ ಕಾಗದವಾಗುತ್ತದೆ.

ಇಷ್ಟೆಲ್ಲ ಮುಗಿಸಿ ಸದನಕ್ಕೆ ಬಂದರೆ ಅಲ್ಲಿ 224 ಜನ, ಕೋರಂಗೆ, ಅಂದರೆ ಸದನ ನಡೆಸಲು ಬೇಕಾದ ಹಾಜರಿಗೆ, 23 ಸಾಕು. ಕೋರ್ಟಿನ ಅಭ್ಯಾಸಗಳಲ್ಲಿ ಕೆಲವು ಇಲ್ಲಿ ತಿರುಗಿ ಬೀಳುತ್ತವೆ. ಪ್ರಶ್ನೆ ಕೇಳುವುದನ್ನೇ ತೆಗೆದುಕೊಳ್ಳಿ. ಪಾಟಿ ಸವಾಲಿನಲ್ಲಿ ಉತ್ತರ ಒಳಗಿಟ್ಟುಕೊಂಡೇ ಪ್ರಶ್ನೆ ಹಾಕುತ್ತೇವೆ. ಸದನದಲ್ಲಿ ಚುಕ್ಕೆ ಗುರುತಿನ ಪ್ರಶ್ನೆಯನ್ನು (ಸಚಿವರು ಸದನದಲ್ಲೇ ಉತ್ತರ ಹೇಳಬೇಕಾದ ಪ್ರಶ್ನೆ) ಅ, ಆ, ಇ, ಈ ಎಂದು ಭಾಗ ಮಾಡಿ ಕೊಡುವುದು ರೂಢಿ. "ಅ) ತಾಲ್ಲೂಕಿನಲ್ಲಿ ಪೋಡಿ ಕೆಲಸ ವಿಳಂಬವಾಗುತ್ತಿರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ? ಆ) ಬಂದಿದ್ದಲ್ಲಿ, ಕಾರಣಗಳೇನು? ಇ) ಯಾವಾಗ ಮುಗಿಸಲಾಗುವುದು?" ಹೀಗೆ ಕೇಳಿದರೆ ಇಲಾಖೆ ಅ ಭಾಗಕ್ಕೆ "ಬಂದಿಲ್ಲ" ಎಂದು ಬರೆದು ಆ, ಇ ಎರಡಕ್ಕೂ "ಉದ್ಭವಿಸುವುದಿಲ್ಲ" ಎಂದು ಮುಗಿಸುತ್ತದೆ. ಇಡೀ ಪ್ರಶ್ನೆ ಒಂದು ಪದಕ್ಕೆ ಸತ್ತುಹೋಗುತ್ತದೆ. ಅದೇ ಪ್ರಶ್ನೆಯನ್ನು "ಕಳೆದ ಮಾರ್ಚ್ ಅಂತ್ಯಕ್ಕೆ ಹೋಬಳಿವಾರು ಬಾಕಿ ಇರುವ ಪೋಡಿ ಅರ್ಜಿಗಳೆಷ್ಟು? ಅವುಗಳಲ್ಲಿ ಎರಡು ವರ್ಷ ಮೀರಿದವೆಷ್ಟು? ಮಂಜೂರಾದ ಭೂಮಾಪಕರ ಹುದ್ದೆಗಳೆಷ್ಟು, ಭರ್ತಿಯಾದವೆಷ್ಟು?" ಎಂದು ಬಿಡಿಬಿಡಿಯಾಗಿ ಕೇಳಿದರೆ ಉದ್ಭವಿಸದೆ ಇರಲು ದಾರಿಯೇ ಇಲ್ಲ. ಬಂದ ಅಂಕಿಯನ್ನು ಇಟ್ಟುಕೊಂಡು ಉಪಪ್ರಶ್ನೆಯಲ್ಲಿ ಹಿಡಿಯಬೇಕು. ಸಚಿವರು ಸದನದಲ್ಲಿ ಕೊಟ್ಟ ಮಾತು ಭರವಸೆಗಳ ಸಮಿತಿಯ ಪಟ್ಟಿಗೆ ಸೇರಿತೇ ಎಂದು ಆಮೇಲೆ ನೋಡುವವರು ಬಹಳ ಕಡಿಮೆ. ಡಿಕ್ರಿ ಪಡೆದು, ಅದನ್ನು ಜಾರಿ ಮಾಡಿಸಿಕೊಡಿ ಎಂಬ ಅಮಲ್‌ಜಾರಿ ಅರ್ಜಿ ಹಾಕದವನ ಸ್ಥಿತಿ ಅದು.

ಇನ್ನೆರಡು ಗಡಿಗಳನ್ನು ನೆನಪಿಡಬೇಕು. ನ್ಯಾಯಾಲಯದ ಮುಂದಿರುವ ವಿಷಯವನ್ನು ಸದನದಲ್ಲಿ ಎತ್ತಲು ನಿಯಮ ಅಡ್ಡಬರುತ್ತದೆ, ಅದರಲ್ಲೂ ತನ್ನದೇ ಹಳೆಯ ಕಡತದ ವಿಷಯ ಎತ್ತಿದರೆ ಎದುರು ಪಕ್ಷದಲ್ಲಿರುವ ಇನ್ನೊಬ್ಬ ವಕೀಲ-ಶಾಸಕ ಎದ್ದು ನಿಲ್ಲುವುದು ಖಂಡಿತ. ಹೈಕೋರ್ಟ್, ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳ ಕರ್ತವ್ಯದ ನಡವಳಿಕೆ ಚರ್ಚಿಸುವುದನ್ನು 211ನೇ ಅನುಚ್ಛೇದ ನೇರವಾಗಿ ತಡೆಯುತ್ತದೆ. ಉಳಿದಂತೆ ಸದನದೊಳಗಿನ ಮಾತಿಗೆ 194ನೇ ಅನುಚ್ಛೇದದ ರಕ್ಷಣೆ ಇದೆ. ಅಂದಹಾಗೆ, ಸಿವಿಲ್ ಪ್ರಕ್ರಿಯಾ ಸಂಹಿತೆಯ 135ಎ ಕಲಂ ಪ್ರಕಾರ ಅಧಿವೇಶನದ ಹೊತ್ತಿನಲ್ಲೂ, ಅದರ ಹಿಂದೆ ಮುಂದೆ 40 ದಿನಗಳೂ ಶಾಸಕನನ್ನು ಸಿವಿಲ್ ವಾರಂಟಿನಲ್ಲಿ ಹಿಡಿಯುವಂತಿಲ್ಲ. ಸಾಲ ವಸೂಲಿಗೆ ಡಿಕ್ರಿ ಪಡೆದ ಕಕ್ಷಿದಾರನಿಗೆ ಇದನ್ನು ವಿವರಿಸಿದ ವಕೀಲನೇ ನಾಳೆ ಆ ಕಲಮಿನ ಫಲಾನುಭವಿಯಾಗುತ್ತಾನೆ.

ವಿಧೇಯಕದ ಕೆಲಸ ಎಲ್ಲಕ್ಕಿಂತ ಮುಖ್ಯ. ಮಂಡನೆ, ಪರ್ಯಾಲೋಚನೆ, ಖಂಡವಾರು ಚರ್ಚೆ, ಅಂಗೀಕಾರ ಎಂಬ ಹಂತಗಳಲ್ಲಿ ಭಾಷಣವೆಲ್ಲ ಪರ್ಯಾಲೋಚನೆಯಲ್ಲಿ ಮುಗಿದು, ಖಂಡಗಳು ಬರುವ ಹೊತ್ತಿಗೆ ಸದನ ಅರ್ಧ ಖಾಲಿ. ವಕೀಲ ಕೂರಬೇಕಾದದ್ದು ಆಗಲೇ. ತಿದ್ದುಪಡಿ ವಿಧೇಯಕ ಕೈಗೆ ಬಂದರೆ ಮೂಲ ಕಾಯ್ದೆಯನ್ನು ಪಕ್ಕದಲ್ಲಿಟ್ಟು, ಸೇರಿಸುವ ಪದಗಳನ್ನು ಪೆನ್ಸಿಲಿನಲ್ಲಿ ಅಲ್ಲೇ ಬರೆದುಕೊಂಡು ಓದದೆ ಅರ್ಥವಾಗುವುದಿಲ್ಲ. ಜಾರಿಯ ದಿನಾಂಕ ಇದೆಯೋ, ಸರ್ಕಾರ ಗೊತ್ತುಪಡಿಸಿದಂದು ಎಂದು ಬಿಟ್ಟಿದ್ದಾರೋ, ಬಾಕಿ ಇರುವ ಪ್ರಕರಣಗಳ ಗತಿ ಏನು, ನೋಟಿಸು ಕೊಡುವವರು ಯಾರು, ಮೇಲ್ಮನವಿಗೆ ಎಷ್ಟು ದಿನ, "ನಿಯಮಿಸಬಹುದಾದಂತೆ" ಎಂಬ ಪದ ಎಷ್ಟು ಕಡೆ ಬಂದಿದೆ. ಈ ಪದ ಬಂದಲ್ಲೆಲ್ಲ ಶಾಸಕರು ತಮ್ಮ ಕೆಲಸವನ್ನು ಇಲಾಖೆಗೆ ಬಿಟ್ಟುಕೊಟ್ಟಿದ್ದಾರೆ ಎಂದರ್ಥ. ಕನ್ನಡ ಪಠ್ಯದ ಜೊತೆಗೆ ಇಂಗ್ಲಿಷ್ ಪಠ್ಯವನ್ನೂ ಓದಬೇಕು. 348ನೇ ಅನುಚ್ಛೇದದ ಪ್ರಕಾರ ರಾಜ್ಯಪಾಲರ ಅಧಿಕಾರದಡಿ ಪ್ರಕಟವಾದ ಇಂಗ್ಲಿಷ್ ಅನುವಾದವೇ ಅಧಿಕೃತ ಪಠ್ಯ, ಹೈಕೋರ್ಟಿನಲ್ಲಿ ಓದುವುದು ಅದನ್ನೇ.

ಪಿಟಿಸಿಎಲ್ ಕಾಯ್ದೆಯ ಕಥೆ ನೋಡಿ, ನಿಮ್ಮಲ್ಲಿ ಹಲವರು ಉಪವಿಭಾಗಾಧಿಕಾರಿಯ ಮುಂದೆ ಈ ಪ್ರಕರಣ ನಡೆಸಿರುತ್ತೀರಿ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಅನುಮತಿಯಿಲ್ಲದೆ ಮಾರಾಟವಾದರೆ ವಾಪಸು ಕೊಡಿಸುವ 1978ರ ಕಾಯ್ದೆ ಅದು. 5ನೇ ಕಲಮಿನಡಿ ಅರ್ಜಿ ಹಾಕಲು ಕಾಯ್ದೆಯಲ್ಲಿ ಕಾಲಮಿತಿ ಇರಲಿಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್, ಕಾಲು ಶತಮಾನದ ಮೇಲೆ ಹಾಕಿದ ಅರ್ಜಿಯೊಂದನ್ನು ತಳ್ಳಿಹಾಕುತ್ತಾ, ಸಮಂಜಸ ಅವಧಿಯೊಳಗೆ ಬರಬೇಕು ಎಂದಿತು. ಅಲ್ಲಿಂದ ಕೆಳಗಿನ ಕಚೇರಿಗಳಲ್ಲಿ ಅರ್ಜಿಗಳು ತಡ ಎಂಬ ಒಂದೇ ಕಾರಣಕ್ಕೆ ಬಿದ್ದವು. ಹೋರಾಟ ನಡೆಯಿತು. 2023ರಲ್ಲಿ ತಿದ್ದುಪಡಿ ಬಂತು: ಅರ್ಜಿ ಹಾಕಲು ಯಾವ ಕಾಲಮಿತಿಯೂ ಇಲ್ಲ, ಬಾಕಿ ಇರುವ ಎಲ್ಲ ಪ್ರಕರಣಗಳಿಗೂ ಇದು ಅನ್ವಯ. ಬಾಕಿ ಪ್ರಕರಣಗಳ ಖಂಡ ಸೇರಿಸಿದ್ದು ಸರಿಯಾದ ಕೆಲಸ. ಆದರೆ 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ, ಕಾಲಮಿತಿ ಬೇರೆ, ಅನುಚಿತ ವಿಳಂಬ ಬೇರೆ ಎಂದಿತು. ಕಾಯ್ದೆಯಲ್ಲಿ ಮೊದಲೂ ಕಾಲಮಿತಿ ಇರಲಿಲ್ಲ, ಈಗಲೂ ಇಲ್ಲ, ವಿಳಂಬದ ತತ್ವ ಹಾಗೆಯೇ ನಿಂತಿದೆ. ಹೋರಾಟಕ್ಕೆ ಕಾರಣವಾದ ತೊಂದರೆ ಇದ್ದದ್ದು ವಿಳಂಬದಲ್ಲಿ, ವಿಧೇಯಕ ಮುಟ್ಟಿದ್ದು ಕಾಲಮಿತಿಯನ್ನು. ಉಪವಿಭಾಗಾಧಿಕಾರಿಯ ಕಚೇರಿಯಲ್ಲಿ ಹತ್ತು ಪ್ರಕರಣ ನಡೆಸಿದ ಯಾವ ವಕೀಲನಾದರೂ ಖಂಡವಾರು ಚರ್ಚೆಯಲ್ಲಿ ಎದ್ದು ಕೇಳಬಹುದಾಗಿದ್ದ ಪ್ರಶ್ನೆ ಇದು.

ಹಳೆಯ ಉದಾಹರಣೆಯೂ ಇದೆ. ಜತ್ತಿ ಅವರ ಅಧ್ಯಕ್ಷತೆಯ ಸಮಿತಿಯ ವರದಿಯ ಮೇಲೆ ನಿಂತ 1961ರ ಭೂಸುಧಾರಣಾ ಕಾಯ್ದೆಗೆ ದೇವರಾಜ ಅರಸು ಕಾಲದಲ್ಲಿ ದೊಡ್ಡ ತಿದ್ದುಪಡಿ ಬಂದು, 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿ ಜಮೀನಿನ ಹಕ್ಕು ಕೇಳಿ ಗೇಣಿದಾರ ನಮೂನೆ 7 ಹಾಕಿದರೆ ಭೂ ನ್ಯಾಯಮಂಡಳಿ ತೀರ್ಮಾನಿಸುತ್ತಿತ್ತು: ಉಪವಿಭಾಗಾಧಿಕಾರಿ ಅಧ್ಯಕ್ಷರು, ಸರ್ಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರು. ನ್ಯಾಯಮಂಡಳಿಯ ಮುಂದೆ ವಕೀಲರು ಹಾಜರಾಗುವಂತಿಲ್ಲ ಎಂದು 48ನೇ ಕಲಮಿನ 8ನೇ ಉಪಕಲಂ ಹೇಳಿತು. ಉದ್ದೇಶ ಒಳ್ಳೆಯದೇ. ಭೂಮಾಲೀಕ ವಕೀಲರನ್ನಿಟ್ಟು ವರ್ಷಗಟ್ಟಲೆ ಎಳೆಯಬಾರದು, ಗೇಣಿದಾರನಿಗೆ ವಕೀಲರ ಖರ್ಚು ಬೀಳಬಾರದು. ಆದರೆ ವಕೀಲಿ ಮಾಡುವ ಹಕ್ಕು ಸಂಸತ್ತಿನ ವಕೀಲರ ಕಾಯ್ದೆಗೆ ಸೇರಿದ ವಿಷಯ, ರಾಜ್ಯ ಅದನ್ನು ಕಿತ್ತುಕೊಳ್ಳಲಾಗದು ಎಂದು 1987ರಲ್ಲಿ ಸುಪ್ರೀಂ ಕೋರ್ಟ್ ಆ ಉಪಕಲಮನ್ನು ಹೊಡೆದುಹಾಕಿತು. ವಿಪರ್ಯಾಸವೆಂದರೆ ನಮೂನೆ 7 ಹಾಕುವ ಕೊನೆಯ ದಿನವೇ 1979ರ ಜೂನ್ 30. ವಕೀಲರಿಗೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿ ಬಹಳಷ್ಟು ತೀರ್ಮಾನವಾಗಿ ಹೋಗಿತ್ತು.

ಇನ್ನು ಸೋಲು. ನಿಜಲಿಂಗಪ್ಪನವರೇ 1962ರಲ್ಲಿ ಹೊಸದುರ್ಗದಲ್ಲಿ ಸೋತರು. ಕಂಠಿಯವರು ಕೆಲವು ತಿಂಗಳು ಮುಖ್ಯಮಂತ್ರಿಯಾಗಿ ಕುರ್ಚಿ ಬಿಟ್ಟುಕೊಟ್ಟರು, ಬಾಗಲಕೋಟೆಯಿಂದ ಆಯ್ಕೆಯಾಗಿ ನಿಜಲಿಂಗಪ್ಪ ಮರಳಿದರು. ಅಂಥ ಯೋಗ ಎಲ್ಲರಿಗೂ ಇರುವುದಿಲ್ಲ. ಸಾಮಾನ್ಯ ವಕೀಲ-ಶಾಸಕ ಐದು ವರ್ಷದ ಮೇಲೆ ಮತ್ತೆ ಅದೇ ಕೋರ್ಟಿಗೆ ಬರುತ್ತಾನೆ. ವಕೀಲಿ ಮಾಡುವ ಸನ್ನದು ಹಾಗೆಯೇ ಇರುತ್ತದೆ, ಹಿರಿತನವೂ ಇರುತ್ತದೆ. ಉಳಿದದ್ದು ಇರುವುದಿಲ್ಲ. ಜೂನಿಯರ್ ಈಗ ಪೂರ್ಣ ಪ್ರಮಾಣದ ಸೀನಿಯರ್, ಹಳೆಯ ಕಕ್ಷಿದಾರರು ಅವನ ಮನೆಗೇ ಹೋಗುತ್ತಾರೆ. 2023ರಲ್ಲಿ ಸದನಕ್ಕೆ ಹೋದವರು ವಾಪಸು ಬರುವಾಗ ಭಾರತೀಯ ದಂಡ ಸಂಹಿತೆ, ದಂಡ ಪ್ರಕ್ರಿಯಾ ಸಂಹಿತೆ, ಸಾಕ್ಷ್ಯ ಅಧಿನಿಯಮ ಮೂರೂ ಹೋಗಿ, 2024ರ ಜುಲೈ 1ರಿಂದ ಬಂದ ಹೊಸ ಮೂರರ ಕಲಂ ಸಂಖ್ಯೆಗಳನ್ನು ಬಾಯಿಪಾಠ ಮಾಡಬೇಕು. ವಾರಕ್ಕೊಂದು ಸಂಜೆಯಾದರೂ ಜೂನಿಯರ್ ಜೊತೆ ಹೊಸ ತೀರ್ಪುಗಳನ್ನು ಓದುತ್ತಾ ಬಂದವರಿಗೆ ಇದು ಅಷ್ಟು ಕಷ್ಟವಾಗದು.

ಕೆಲಸ ಮೊದಲು ಬರುವುದು ಕಂದಾಯ ಕೋರ್ಟುಗಳಿಂದ, ಶಾಸಕರಾಗಿದ್ದವರಿಗೆ ಅಧಿಕಾರಿಗಳ ಪರಿಚಯ ಇರುತ್ತದೆಂಬ ನಂಬಿಕೆಯಿಂದ. ಅದರಲ್ಲಿ ಒಂದು ಬಗೆಯ ಕಡತವನ್ನು ಗುರುತಿಸಿ ದೂರ ಇಡಬೇಕು: ತಾನೇ ಅಧ್ಯಕ್ಷನಾಗಿದ್ದ ಬಗರ್ ಹುಕುಂ ಸಮಿತಿಯ ಮಂಜೂರಾತಿಯ ವಿರುದ್ಧವೋ ಪರವಾಗಿಯೋ ಹಾಕಿದ ಮೇಲ್ಮನವಿ. ಸಾಕ್ಷಿಯಾಗಿ ನಿಲ್ಲಬೇಕಾಗಬಹುದಾದ ಪ್ರಕರಣದಲ್ಲಿ ವಕಾಲತ್ತು ಹಾಕಬಾರದೆಂದು ವಕೀಲರ ಪರಿಷತ್ತಿನ 13ನೇ ನಿಯಮ ಹೇಳುತ್ತದೆ. ನಡಾವಳಿಯ ಕೆಳಗೆ ಸಹಿ ಹಾಕಿದವನು ಆ ಪ್ರಕರಣದ ಮೊದಲ ಸಾಕ್ಷಿ. ಕಕ್ಷಿದಾರ ಎಷ್ಟೇ ಒತ್ತಾಯ ಮಾಡಲಿ, ಕಡತ ಬಿಚ್ಚುವ ಮುಂಚೆಯೇ ವಾಪಸು ಕೊಟ್ಟು ಪಕ್ಕದ ಕಚೇರಿ ತೋರಿಸಬೇಕು.